ಕೊನೇ ಸಂಖ್ಯೆ ಯಾವುದು ಅಂತ ಮಗಳು ಕೇಳಿದ್ಲು, ಯಾರಾದ್ರೂ ಕಾಪಾಡಿ

ಟೊಮ್ಯಾಟೊ ಮಂಡಿ · ಭಾನುವಾರ ರಾತ್ರಿ 9:40

ನಾನು ಕೋಲಾರದಲ್ಲಿ ಒಂದು ಮಂಡಿಯ ಲೆಕ್ಕ ಬರೆಯೋನು. ದಿನಾ ಬೆಳಗ್ಗೆ ಹದಿನೈದು ಕೆಜಿ ಬಾಕ್ಸ್ ಎಣಿಸೋದೇ ಕೆಲಸ. ಎಣಿಕೆ ಅಂದ್ರೆ ಭಯ ಇರ್ಲಿಲ್ಲ, ಇವತ್ತು ಬಂತು.

ಮಗಳನ್ನ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಕರ್ಕೊಂಡು ಹೋಗಿದ್ದೆ. ಎರಡನೇ ಕ್ಲಾಸು. 108 ಅಡಿ ಲಿಂಗ ನೋಡಿ ಒಂದು ನಿಮಿಷ ಬಾಯಿ ಬಿಟ್ಕೊಂಡು ನಿಂತ್ಲು, ಆಮೇಲೆ ಅದನ್ನ ಮರೆತು ಸುತ್ತ ಸಾಲಾಗಿರೋ ಚಿಕ್ಕ ಲಿಂಗಗಳ ತಲೆ ಮೇಲೆ ಒಂದೊಂದಾಗಿ ಕೈಯಿಟ್ಟು ಎಣಿಸೋಕೆ ಶುರು ಮಾಡಿದ್ಲು. ಮುನ್ನೂರ ಹನ್ನೆರಡಕ್ಕೆ ಬಿಸಿಲು ತಡೀಲಾರದೆ ಕೂತ್ಲು. "ಕೋಟಿ ಆದ್ಮೇಲೆ ಏನಪ್ಪಾ?" ಕೋಟಿ ಒಂದು. "ಕೊನೇದು ಯಾವ್ದು?" ಕೊನೆ ಇಲ್ಲ ಮಗಾ. "ನಿಂಗೆ ಹೆಂಗೊತ್ತು, ನೀನು ಹೋಗಿ ನೋಡಿದ್ದೀಯಾ?"

ರಾತ್ರಿ ಕರೆಂಟ್ ಹೋಯ್ತು, ಮಹಡಿ ಮೇಲೆ ಮಲಗಿದ್ವಿ. ಅಲ್ಲೂ ಬಿಡ್ಲಿಲ್ಲ. ಆಕಾಶದ ಕೊನೇಲಿ ಗೋಡೆ ಇದ್ಯಾ? ಇದ್ರೆ ಗೋಡೆಯಾಚೆ ಏನಿದೆ? ಇಲ್ದಿದ್ರೆ ಎಲ್ಲಿವರ್ಗೂ ಇದೆ?

ನಾನು ಪಿಯುಸಿ ಕಾಮರ್ಸು. ತಿಳಿದೋರು ಹೇಳಿ.

ಲೆಕ್ಕದ ಮೇಷ್ಟ್ರು, ಮುಳಬಾಗಿಲು

ನಿಮ್ಮ ಮಗಳ ಮರುಪ್ರಶ್ನೆಗೆ ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಒಂದು ಮಗುವೂ ನನ್ನ ಕೈಯಲ್ಲಿ ಉತ್ತರ ಕೇಳಲಿಲ್ಲವಲ್ಲ ಎಂದು ಬೇಸರವಾಯಿತು.

ಹೋಗಿ ನೋಡಬೇಕಾಗಿಲ್ಲ ಸ್ವಾಮಿ. ಕೊನೆಯ ಸಂಖ್ಯೆ ಇದು ಎಂದು ಅವಳು ಯಾವುದನ್ನಾದರೂ ತೋರಿಸಲಿ, ನೀವು ಅದಕ್ಕೆ ಒಂದು ಕೂಡಿಸಿ. ಅವಳು ತೋರಿಸಿದ್ದು ಕೊನೆಯದಾಗಿರಲಿಲ್ಲ ಎಂದಾಯಿತು. ಯಾವುದನ್ನು ತೋರಿಸಿದರೂ ಹೀಗೇ. ಅಲ್ಲಿಗೆ ಕೊನೆಯದು ಎಂಬುದೇ ಇಲ್ಲ. ದಾರಿಗೆ ಕೊನೆಯಿಲ್ಲ ಎಂದು, ದಾರಿ ನಡೆಯದೆಯೇ ತಿಳಿಯುವ ಉಪಾಯ ಇದು.

ಆದರೆ ದೊಡ್ಡದು ಬೇರೆ, ಕೊನೆಯಿಲ್ಲದ್ದು ಬೇರೆ. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ ಕೋಟಿಗೆ ಸುಮಾರು 116 ದಿನ. ಯುಗಾದಿಗೆ ಶುರು ಮಾಡಿದರೆ ಆಷಾಢಕ್ಕೆ ಮುಗಿಯುತ್ತದೆ. ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ, 1ರ ಮುಂದೆ 23 ಸೊನ್ನೆ. ಅಷ್ಟು ದೊಡ್ಡ ಸಂಖ್ಯೆ ಯಾತಕ್ಕೆ ಎನ್ನಬೇಡಿ. ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು ಒಂದು ಗುಟುಕು, ಹದಿನೆಂಟು ಗ್ರಾಂ, ಕುಡಿದರೆ ಆರು ಮಹಾಕ್ಷೋಭ ಅಣುಗಳು ಗಂಟಲಿಗೆ ಇಳಿಯುತ್ತವೆ.

ಮುದ್ದೆ ಉಪ್ಸಾರು

ಮೇಷ್ಟ್ರೇ, ಎಣಿಸ್ತಾ ಎಣಿಸ್ತಾ ಮಧ್ಯದಲ್ಲಿ ಯಾರಾದ್ರೂ "ಈರುಳ್ಳಿ ಎಷ್ಟು" ಅಂತ ಕೇಳಿದ್ರೆ ಮತ್ತೆ ಒಂದರಿಂದ 😂

ಸೊನ್ನೆ ಬಿಟ್, ತುಮಕೂರು

ಎಲ್ಲರೂ ತಲೆ ಆಡಿಸ್ತಿದೀರಾ ಅಂತ ನಾನು ಉಲ್ಟಾ ಹೊಡೀತೀನಿ. ಸಂಖ್ಯೆಗೆ ಕೊನೆ ಇದೆ.

ದಿನವೆಲ್ಲಾ ಕೋಡ್ ಬರೆಯೋ ನನಗೆ ಗೊತ್ತಿರೋ ಸಂಖ್ಯೆಗಳಿಗೆಲ್ಲಾ ಕೊನೆ ಇದೆ. 32 ಬಿಟ್ಟಿನ ಪೂರ್ಣಾಂಕ, ಅಂದ್ರೆ ಕಂಪ್ಯೂಟರ್ 32 ಸೊನ್ನೆ-ಒಂದುಗಳ ಜಾಗದಲ್ಲಿ ಬರೆದಿಡೋ ಸಂಖ್ಯೆ, 214 ಕೋಟಿ 74 ಲಕ್ಷ 83 ಸಾವಿರದ 647ಕ್ಕೆ ಮುಗೀತು. ಅದಕ್ಕೆ ಒಂದು ಕೂಡಿಸಿ ನೋಡಿ, ಧೊಪ್ ಅಂತ ಮೈನಸ್‌ಗೆ ಬೀಳುತ್ತೆ. 1970ರಿಂದ ಸೆಕೆಂಡ್ ಎಣಿಸ್ಕೊಂಡು ಬಂದಿರೋ ಹಳೇ ಸಿಸ್ಟಂಗಳ ಗಡಿಯಾರ 2038ರ ಜನವರಿ 19ಕ್ಕೆ ಹೀಗೇ ಕವುಚಿ ಬೀಳೋದು.

ದೊಡ್ಡ ಮೆಮೊರಿ ಹಾಕಿ ಅಂತೀರಾ. ಹಾಕಣ. ಕಾಣೋ ವಿಶ್ವದಲ್ಲಿರೋ ಪರಮಾಣುಗಳು ಹೆಚ್ಚುಕಡಿಮೆ 1ರ ಮುಂದೆ 80 ಸೊನ್ನೆಯಷ್ಟು. ಒಂದೊಂದು ಪರಮಾಣು ಮೇಲೆ ಒಂದೊಂದು ಅಂಕಿ ಬರೆದ್ರೂ ಒಂದು ದಿನ ಪರಮಾಣು ಖಾಲಿ. ಅದಕ್ಕಿಂತ ಉದ್ದದ, ಯಾವ ಗುಟ್ಟೂ ಇಲ್ಲದ, ಅಡ್ಡಾದಿಡ್ಡಿ ಅಂಕಿಗಳ ಸಂಖ್ಯೆನ ಯಾರೂ ಬರೆಯೋಕಾಗಲ್ಲ, ಯೋಚನೆ ಮಾಡೋಕಾಗಲ್ಲ. ಬರೆಯೋಕೂ ಆಗದ್ದು, ಯೋಚಿಸೋಕೂ ಆಗದ್ದು "ಇದೆ" ಅನ್ನೋದು ಯಾವ ಅರ್ಥದಲ್ಲಿ?

ನಾನೊಬ್ನೇ ಹುಚ್ಚ ಅಲ್ಲ. ರಷ್ಯಾದ ಎಸೆನಿನ್ ವೋಲ್ಪಿನ್ ಅಂತ ಗಣಿತಜ್ಞ, ಕವಿನೂ ಹೌದು, ಇದನ್ನೇ ವಾದಿಸ್ತಿದ್ದ. ಹಾರ್ವಿ ಫ್ರೀಡ್‌ಮನ್ ಅನ್ನೋ ಗಣಿತಜ್ಞ ಒಂದು ಸಲ ಅವನನ್ನ ಸಿಕ್ಕಿಹಾಕ್ಸೋಕೆ ನೋಡಿದ್ರಂತೆ. 2 ಇದೆಯಾ? ತಕ್ಷಣ "ಇದೆ". 4? ಸ್ವಲ್ಪ ತಡೆದು "ಇದೆ". 8? ಇನ್ನೂ ತಡೆದು "ಇದೆ". ಹೀಗೇ ದುಪ್ಪಟ್ಟು ಮಾಡ್ತಾ ಹೋದಂಗೆಲ್ಲಾ ಅವನು ಉತ್ತರ ಕೊಡೋಕೆ ತಗೊಳ್ಳೋ ಹೊತ್ತೂ ದುಪ್ಪಟ್ಟು. ಎರಡರ ನೂರನೇ ಘಾತಕ್ಕೂ "ಇದೆ" ಅಂತಾನೇ ಹೇಳ್ತಾನೆ, ಆದ್ರೆ ಅದನ್ನ ಕೇಳೋಕೆ ಪ್ರಶ್ನೆ ಕೇಳಿದೋನು ಇರಲ್ಲ.

ಲೆಕ್ಕದ ಮೇಷ್ಟ್ರು, ಮುಳಬಾಗಿಲು

ಆ ಕತೆಗೆ ಒಂದು ಸಲಾಮು. ಆದರೆ ನಿಮ್ಮ ವಾದದಲ್ಲಿ ಪಾತ್ರೆ ಚಿಕ್ಕದಾದದ್ದಕ್ಕೆ ಹಾಲೇ ಇಷ್ಟು ಎಂದಂತಾಯಿತು. ಮಿತಿ ಇರುವುದು ನಿಮ್ಮ 32 ಬಿಟ್ಟಿಗೆ, ಸಂಖ್ಯೆಗಲ್ಲ. ಒಂದನ್ನು ಕೂಡಿಸು ಎಂಬುದು ಒಂದು ಕಟ್ಟಳೆ. ಕಟ್ಟಳೆಗೆ ಜಾಗ ಬೇಕಿಲ್ಲ.

ಹಾಳೆ ಇದ್ದಷ್ಟೇ ಸಂಖ್ಯೆ ಎಂದು ಹೊರಟರೆ ಲೆಕ್ಕವೇ ಅಸಾಧ್ಯವಾಗುತ್ತದೆ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಅವಿಭಾಜ್ಯ ಸಂಖ್ಯೆಗಳನ್ನೇ ನೋಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಯೂಕ್ಲಿಡ್ ತೋರಿಸಿದ್ದು: ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ, ಹೊಸ ಅವಿಭಾಜ್ಯ ಸಿಕ್ಕಿತು. ಅವುಗಳಿಗೂ ಕೊನೆಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಅವಿಭಾಜ್ಯಕ್ಕೆ 4 ಕೋಟಿ 10 ಲಕ್ಷ ಅಂಕಿಗಳಿವೆ, ಅದೂ ಕೊನೆಯದಲ್ಲ.

ಎಂಎಸ್ಸಿ ಫೇಲ್

ಮೇಷ್ಟ್ರೇ ಕ್ಷಮಿಸಿ, ಒಂದು ಕಲ್ಲು ಹಾಕ್ತೀನಿ. 2, 3, 5, 7, 11, 13 ಗುಣಿಸಿ ಒಂದು ಕೂಡಿಸಿದ್ರೆ 30031. ಅದು ಅವಿಭಾಜ್ಯ ಅಲ್ಲ, 59 ಇಂಟು 509.

ಲೆಕ್ಕದ ಮೇಷ್ಟ್ರು, ಮುಳಬಾಗಿಲು

ಸಿಕ್ಕಿಬಿದ್ದೆ. ಬಂದ ಉತ್ತರವೇ ಅವಿಭಾಜ್ಯ ಆಗಬೇಕಿಲ್ಲ, ಅದನ್ನು ಭಾಗಿಸುವ ಅವಿಭಾಜ್ಯ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ ಎಂಬುದಷ್ಟೇ ಸರಿ. 59 ಪಟ್ಟಿಯಲ್ಲಿರಲಿಲ್ಲ, 509ಊ ಇರಲಿಲ್ಲ. ಇದನ್ನೇ ಎಷ್ಟು ವರ್ಷ ಬೋರ್ಡಿನ ಮೇಲೆ ತಪ್ಪಾಗಿ ಬರೆದೆನೋ.

ಕಣದ ರಾಗಿ, ಶಿಡ್ಲಘಟ್ಟ

ಲೆಕ್ಕ ನಂಗೆ ಗೊತ್ತಾಗಲ್ಲ, ಒಂದು ವಿಷ್ಯ ಹೇಳಿ ಹೋಗ್ತೀನಿ. ನಮ್ ತಾತ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೇ ಕೊಳಗಕ್ಕೆ "ಒಂದು" ಅಂತಿರ್ಲಿಲ್ಲ, "ಲಾಭ" ಅಂತಿದ್ರು. ಲಾಭ... ಲಾಭ... ಅಂತ ರಾಗ ಎಳೀತಾ ತುಂಬಿ ಸುರುವಿ, ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗ ಆದ್ರೆ ಒಂದು ಖಂಡುಗ, ಒಂದು ಕಲ್ಲು ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ. ರಾಶಿ ಎಷ್ಟೇ ದೊಡ್ಡದಿರ್ಲಿ ತಾತನ ಬಾಯಲ್ಲಿ ಇಪ್ಪತ್ತರ ಮೇಲೆ ಸಂಖ್ಯೆನೇ ಇರ್ಲಿಲ್ಲ. ಕಲ್ಲು ಮಾತ್ರ ಸಾಲು.

ಸೊನ್ನೆ ಬಿಟ್, ತುಮಕೂರು

ನೋಡಿ! ತಾತ ನಮ್ ಪಾರ್ಟಿ. ಇಪ್ಪತ್ತಕ್ಕೆ ಓವರ್‌ಫ್ಲೋ, ಕ್ಯಾರಿ ಒಂದು ಕಲ್ಲು.

ಎಂಎಸ್ಸಿ ಫೇಲ್

ಕಲ್ಲು ಸಾಲಾಗಿಡೋಕೆ ಮಿತಿ ಹಾಕಿದ್ರಾ? ಇಲ್ಲ ತಾನೆ. ತಾತ ಮೇಷ್ಟ್ರ ಪಾರ್ಟಿ.

ಆಕಾಶವಾಣಿ ಅಲ್ಲ, ಗೌರಿಬಿದನೂರು

ಮಗುವಿನ ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ನಮ್ಮೂರ ಪಕ್ಕ ರೇಡಿಯೊ ದೂರದರ್ಶಕ ಇರೋದ್ರಿಂದ ಚಿಕ್ಕಂದಿನಿಂದ ತಲೆ ಕೆಡಿಸಿಕೊಂಡಿರೋ ವಿಷಯ ಇದು.

ಮೊದಲು ಕನ್ನಡದಲ್ಲೇ ಎರಡು ಮಾತು ಬೇರೆ ಮಾಡ್ಕೊಳ್ಳೋಣ. ಎಲ್ಲೆ ಅನ್ನೋದು ಒಂದು, ಅಳತೆ ಅನ್ನೋದು ಇನ್ನೊಂದು. ಹೊಲಕ್ಕೆ ಎಲ್ಲೆ ಇದೆ, ಕಲ್ಲು ನೆಟ್ಟಿರ್ತಾರೆ, ಅಳತೆನೂ ಇದೆ. ಒಂದು ಕೋಡುಬಳೆ ಮೇಲೆ ಇರುವೆ ಬಿಡಿ. ಎಷ್ಟು ಹರಿದಾಡಿದ್ರೂ ಅದಕ್ಕೆ ಅಂಚು ಸಿಗಲ್ಲ, ಎಲ್ಲೆ ಇಲ್ಲ. ಆದ್ರೆ ಕೋಡುಬಳೆ ಇಷ್ಟೇ ಇಷ್ಟು, ಅಳತೆ ಇದೆ. ಹಾಗಾಗಿ "ಗೋಡೆ ಇಲ್ಲ ಅಂದ್ರೆ ಅನಂತ" ಅನ್ನೋ ತೀರ್ಮಾನ ತಪ್ಪು. ಗೋಡೆ ಇದ್ದೇ ತೀರಬೇಕು ಅನ್ನೋದೂ ತಪ್ಪು.

ಈಗ ವಿಶ್ವ. ವಿಶ್ವಕ್ಕೆ 1380 ಕೋಟಿ ವರ್ಷ. ಅದಕ್ಕಿಂತ ಹಿಂದೆ ಹೊರಟ ಬೆಳಕು ಇಲ್ಲ. ಆ ಬೆಳಕು ಬರ್ತಾ ಇರುವಾಗಲೇ ಜಾಗ ಹಿಗ್ಗಿದ್ರಿಂದ, ನಮಗೆ ಕಾಣೋದ್ರಲ್ಲಿ ಅತಿ ದೂರದ್ದು ಈಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗೋ ದೂರ ಒಂದು ಜ್ಯೋತಿರ್ವರ್ಷ) ಆಚೆ ಇದೆ. ಅಂದ್ರೆ ಕಾಣೋ ವಿಶ್ವದ ಅಡ್ಡಗಲ 9300 ಕೋಟಿ ಜ್ಯೋತಿರ್ವರ್ಷ. ಇದು ಗೋಡೆ ಅಲ್ಲ, ದಿಗಂತ. ನಂದಿಬೆಟ್ಟದ ಮೇಲೆ ಮಂಜು ಮುಸುಕಿದ ಬೆಳಗ್ಗೆ ಹತ್ತು ಮಾರು ಆಚೆ ಏನೂ ಕಾಣಲ್ಲ, ಹಾಗಂತ ಬೆಟ್ಟ ಹತ್ತೇ ಮಾರಾ?

ಮಹಡಿ ಮೇಲೆ ಮಲಗಿದ್ರಲ್ಲ, ಕತ್ತಲು ಇತ್ತಲ್ವಾ? ಅದೇ ದೊಡ್ಡ ಸುಳಿವು. ವಿಶ್ವ ಅನಂತವಾಗಿದ್ದು, ಅನಾದಿಯಿಂದ ಹೀಗೇ ಇದ್ದಿದ್ರೆ, ನೀವು ಎತ್ತ ಬೆರಳು ತೋರಿಸಿದ್ರೂ ಆ ದಿಕ್ಕಿನಲ್ಲಿ ಎಲ್ಲೋ ಒಂದು ಕಡೆ ಒಂದು ನಕ್ಷತ್ರ ಇದ್ದೇ ಇರ್ತಿತ್ತು. ದಟ್ಟ ನೀಲಗಿರಿ ತೋಪಿನೊಳಗೆ ನಿಂತ್ರೆ ಎಲ್ಲಿ ನೋಡಿದ್ರೂ ಕಾಂಡನೇ ಕಾಣಲ್ವಾ, ಹಾಗೆ. ರಾತ್ರಿಯಿಡೀ ಆಕಾಶ ಸೂರ್ಯನಂಗೆ ಉರೀಬೇಕಿತ್ತು. 19ನೇ ಶತಮಾನದಲ್ಲಿ ಓಲ್ಬರ್ಸ್ ಅನ್ನೋ ಖಗೋಳಜ್ಞ ಎತ್ತಿದ ಪ್ರಶ್ನೆ ಇದು. ಉತ್ತರ: ವಿಶ್ವಕ್ಕೆ ವಯಸ್ಸಿದೆ, ದೂರದ ಬೆಳಕು ಇನ್ನೂ ಬಂದೇ ಇಲ್ಲ. ಹಿಗ್ಗುವಿಕೆ ಉಳಿದದ್ದನ್ನ ಮಬ್ಬು ಮಾಡಿದೆ. ಕತ್ತಲು ಹೇಳೋದು ಕಾಲಕ್ಕೆ ಒಂದು ಆರಂಭ ಇದೆ ಅಂತ. ಜಾಗಕ್ಕೆ ಅಳತೆ ಇದೆ ಅಂತಲ್ಲ.

ಇನ್ನೊಂದು ಮಜಾ. 1976ರಲ್ಲಿ ಶುರುವಾದ ನಮ್ಮೂರ ದೂರದರ್ಶಕ ಅಂದ್ರೆ ಬುಟ್ಟಿ ತರ ಇರಲ್ಲ. ಹೊಲದಲ್ಲಿ ಕಂಬ ನೆಟ್ಟು ತಂತಿ ಕಟ್ಟಿದಂಗೆ ಸಾವಿರ ಆಂಟೆನಾ, ಇಂಗ್ಲಿಷ್ ಟಿ ಅಕ್ಷರದ ಆಕಾರ, ಪೂರ್ವ ಪಶ್ಚಿಮಕ್ಕೆ 1.4 ಕಿ.ಮೀ. ಮೊದಲ ಸಲ ನೋಡಿದೋರು ದ್ರಾಕ್ಷಿ ಚಪ್ಪರ ಅಂದ್ಕೋತಾರೆ. 34.5 ಮೆಗಾಹರ್ಟ್ಸ್‌ನ ರೇಡಿಯೊ ಅಲೆ ಆಲಿಸೋಕೆ ಕಟ್ಟಿದ್ದು. ಆ ಕಣ್ಣಿಗೆ ರಾತ್ರಿ ಕತ್ತಲೇ ಅಲ್ಲ, ನಮ್ಮ ಕ್ಷೀರಪಥದೊಳಗೆ ಸುತ್ತೋ ಎಲೆಕ್ಟ್ರಾನುಗಳೇ ಇಡೀ ಆಕಾಶನ ಬೆಳಗಿಸಿಬಿಟ್ಟಿರುತ್ತೆ.

ಟೊಮ್ಯಾಟೊ ಮಂಡಿ

ಸಾರ್ ಕೋಡುಬಳೆ ಅರ್ಥ ಆಯ್ತು. ಆದ್ರೆ ಕೊನೆಗೂ ವಿಶ್ವ ಕೋಡುಬಳೆನಾ ಅಲ್ವಾ? ನಾಳೆ ಬೆಳಗ್ಗೆ ಸ್ಕೂಲಿಗೆ ಬಿಡುವಾಗ ಕೇಳ್ತಾಳೆ.

ಆಕಾಶವಾಣಿ ಅಲ್ಲ, ಗೌರಿಬಿದನೂರು

ಅಳೆದು ನೋಡಿದ್ದಾರೆ. ಭೂಮಿ ಮೇಲೆ ದೊಡ್ಡ ತ್ರಿಕೋನ ಎಳೆದ್ರೆ ಮೂರು ಕೋನ ಕೂಡಿ 180 ಡಿಗ್ರಿ ದಾಟುತ್ತೆ, ನೆಲ ಬಾಗಿರೋದ್ರಿಂದ. ವಿಶ್ವದಲ್ಲೂ ಅಂಥದ್ದೊಂದು ತ್ರಿಕೋನ ಸಿಗುತ್ತೆ. ವಿಶ್ವ ಎಳಸಾಗಿದ್ದಾಗಿನ ಮೈಕ್ರೋವೇವ್ ಬೆಳಕಲ್ಲಿ ಕಲೆಗಳಿವೆ, ಆ ಕಲೆಗಳ ನಿಜವಾದ ಗಾತ್ರ ಭೌತಶಾಸ್ತ್ರದಿಂದ ಗೊತ್ತು, ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತೆ ಅಂತ ಅಳೀಬಹುದು. ಕಲೆಯ ಎರಡು ಅಂಚು, ಮೂರನೇ ಮೂಲೆ ನಾವು, ಅದೇ ತ್ರಿಕೋನ. 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹದ ಅಳತೆ, ಜೊತೆಗೆ ಗೆಲಾಕ್ಸಿಗಳ ಹಂಚಿಕೆಯ ಅಳತೆ ಸೇರಿಸಿದ್ರೆ, ಶೇಕಡಾ ಒಂದಕ್ಕಿಂತ ಕಡಿಮೆ ತಪ್ಪಿನೊಳಗೆ ಬಾಗೇ ಇಲ್ಲ. ಸಮತಟ್ಟು.

ಸಮತಟ್ಟು ಅಂದ್ರೆ ಅನಂತ ಅಂತ ಪೇಪರ್‌ನೋರು ಬರೀತಾರೆ, ಅಲ್ಲೇ ಎಡವೋದು. ಒಂದು, ಚಿಂತಾಮಣಿ ಬಯಲಲ್ಲಿ ನಿಂತು ನೋಡಿದ್ರೆ ಭೂಮಿನೂ ಸಮತಟ್ಟೇ. ನಾವು ನೋಡ್ತಿರೋ ತುಂಡು ಚಿಕ್ಕದಿರಬಹುದು. ಎರಡು, ಹಳೇ ನೋಕಿಯಾ ಫೋನಿನ ಹಾವಿನ ಆಟ ನೆನಪಿದ್ಯಾ? ಹಾವು ಬಲಗಡೆ ಹೋಗಿ ಎಡಗಡೆಯಿಂದ ಬರ್ತಿತ್ತು. ಪರದೆ ಸಮತಟ್ಟೇ, ಹಾವಿಗೆ ಗೋಡೆ ಇಲ್ಲ, ಆದ್ರೂ ಆಟದ ಬಯಲು ಅಂಗೈಯಷ್ಟು. ವಿಶ್ವ ಹಾಗಿದ್ದು, ಸಾಕಷ್ಟು ಚಿಕ್ಕದಿದ್ರೆ, ಆ ಹಳೇ ಬೆಳಕಲ್ಲಿ ಎದುರುಬದುರು ದಿಕ್ಕಿನಲ್ಲಿ ಒಂದೇ ತರದ ವೃತ್ತಗಳು ಕಾಣಬೇಕು. ಹುಡುಕಿದ್ರು, ಸಿಕ್ಕಿಲ್ಲ. ಅಂದ್ರೆ ಸುತ್ತಿ ಬರೋ ವಿಶ್ವ ಆಗಿದ್ರೂ ನಮ್ಮ ದಿಗಂತಕ್ಕಿಂತ ದೊಡ್ಡದು.

ಮಗುಗೆ ಹೀಗೆ ಹೇಳಿ: ಗೋಡೆ ಇಲ್ಲ. ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿಲ್ಲ. ನಾವು ನೋಡಬಹುದಾದ ಭಾಗ ಮಾತ್ರ ಇಷ್ಟೇ ಇಷ್ಟು.

ಚಾಂಪಿಯನ್ ರೀಫ್

ಆಕಾಶ ನೋಡೋಕೆ ಮೇಲೇ ಹೋಗ್ಬೇಕಾ ಗುರು? ನಮ್ ಕೆಜಿಎಫ್‌ನಲ್ಲಿ ಪಾತಾಳಕ್ಕಿಳಿದು ನೋಡಿದ್ರು. ನಮ್ಮಪ್ಪ ಗಣೀಲಿದ್ರು, ಶಿಫ್ಟ್ ಮುಗಿಸಿ ಬಂದ್ರೆ ಹೇಳೋರು, ಕೆಳಗೆ ಸೈನ್ಸ್‌ನೋರು ಬಂದವ್ರೆ, ಪೆಟ್ಟಿಗೆ ಇಟ್ಕೊಂಡು ಕಾಯ್ತಾ ಕೂತವ್ರೆ, ಏನಕ್ಕೆ ಅಂತ ಅವ್ರಿಗೇ ಗೊತ್ತೋ ಇಲ್ವೋ ಅಂತ. ಗೊತ್ತಿತ್ತು. ಮೇಲಿಂದ ಸುರಿಯೋ ಕಣಗಳನ್ನೆಲ್ಲಾ ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆ ಸೋಸಿಬಿಡುತ್ತೆ, ನ್ಯೂಟ್ರಿನೊ ಒಂದೇ ಏನೂ ಅಡ್ಡ ಇಲ್ದಂಗೆ ಬರೋದು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೋರು, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನೋರು ಸೇರ್ಕೊಂಡು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಹಿಡಿದ್ರು. ಗೌರಿಬಿದನೂರಿನೋರು ಹೇಳಿದ ಮೈಕ್ರೋವೇವ್ ಬೆಳಕನ್ನ ಅಮೆರಿಕದಲ್ಲಿ ಪೆಂಜಿಯಾಸ್, ವಿಲ್ಸನ್ ಪ್ರಕಟ ಮಾಡಿದ್ದೂ ಅದೇ 1965.

ಆಮೇಲೆ 1980ರ ದಶಕದಲ್ಲಿ 140 ಟನ್ ಕಬ್ಬಿಣದ ಯಂತ್ರ ಇಟ್ಟು ಇನ್ನೊಂದಕ್ಕೆ ಕಾದ್ರು, ಪರಮಾಣುವಿನ ತಿರುಳಲ್ಲಿರೋ ಪ್ರೋಟಾನ್ ಕಣ ತಾನಾಗೇ ಒಡೆಯುತ್ತಾ ಅಂತ. ಒಡೆಯೋದಾದ್ರೆ ಕಲ್ಲು, ನೀರು, ನೀವು, ನಾನು, ಎಲ್ಲಾ ಪದಾರ್ಥಕ್ಕೂ ಒಂದು ಕೊನೆ ದಿನ ಇದೆ. ಒಂದಷ್ಟು ಗುರುತು ಸಿಕ್ತು ಅಂದ್ರು, ಬೇರೆ ಕಡೆ ಯಾರಿಗೂ ಸಿಗ್ಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಅನ್ನೋ ನೆಲದಡಿಯ ಪ್ರಯೋಗದ ಅಳತೆ ಪ್ರಕಾರ, ಮುಖ್ಯವಾದ ಒಂದು ಬಗೇಲಿ ಒಡೆಯೋದಾದ್ರೆ ಪ್ರೋಟಾನ್ ಆಯಸ್ಸು 1ರ ಮುಂದೆ 34 ಸೊನ್ನೆ ವರ್ಷಕ್ಕಿಂತ ಜಾಸ್ತಿ.

ಆ ಗಣಿಗೆ ಮಾತ್ರ ಕೊನೆ ದಿನ ಇತ್ತು. 2001ರ ಫೆಬ್ರವರಿ 28.

ಮುದ್ದೆ ಉಪ್ಸಾರು

🙏 ಇದಕ್ಕೆ ಜೋಕ್ ಮಾಡಲ್ಲ.

ಸನಾತನ ಸಂಜೆ

ಇಷ್ಟೆಲ್ಲಾ ಕಷ್ಟಪಡಬೇಕಾ? ಪೂರ್ಣದಿಂದ ಪೂರ್ಣ ತೆಗೆದರೂ ಪೂರ್ಣವೇ ಉಳಿಯುತ್ತದೆ ಅಂತ ನಮ್ಮ ಉಪನಿಷತ್ತು ಆವತ್ತೇ ಹೇಳಿದೆ. ಪಾಶ್ಚಾತ್ಯರು ಅದನ್ನೇ ಕದ್ದರು.

ಲೆಕ್ಕದ ಮೇಷ್ಟ್ರು, ಮುಳಬಾಗಿಲು

ನಾನೂ ದಿನಾ ಹೇಳುವ ಮಂತ್ರವೇ. ಆದರೆ ಅದು ಬ್ರಹ್ಮದ ಮಾತು, ವ್ಯವಕಲನದ ಸೂತ್ರವಲ್ಲ. ಎಲ್ಲ ಸಂಖ್ಯೆಗಳಿಂದ ಸಮಸಂಖ್ಯೆಗಳನ್ನು ತೆಗೆಯಿರಿ, ಬೆಸ ಉಳಿದವು, ಅನಂತವೇ. ಹತ್ತಕ್ಕಿಂತ ಹೆಚ್ಚಿನವನ್ನು ತೆಗೆಯಿರಿ, ತೆಗೆದದ್ದು ಅನಂತ, ಉಳಿದದ್ದು ಹತ್ತು.

ಹೆಮ್ಮೆಪಡಲು ಬೇರೆ ಇದೆ. ಜೈನ ಆಗಮಗಳು ಎಣಿಕೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಮಾಡಿ, ಎಣಿಸಲಾಗದಷ್ಟು ದೊಡ್ಡದನ್ನೂ ಕೊನೆಯಿಲ್ಲದ್ದನ್ನೂ ಬೇರೆಬೇರೆ ಇಟ್ಟವು. ನಾವು ಈಗ "ಅಸಂಖ್ಯಾತ ಅಭಿಮಾನಿಗಳು" ಎಂದು ಫ್ಲೆಕ್ಸ್ ಹಾಕುತ್ತೇವೆ, ಎಣಿಸಿದರೆ ಮೂರು ಆಟೊ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಖಹರ ಎಂದು ಕರೆದು, ಅದಕ್ಕೆ ಏನು ಕೂಡಿಸಿದರೂ ಕಳೆದರೂ ಬದಲಾಗದು, ಸೃಷ್ಟಿ ಪ್ರಳಯಗಳಲ್ಲಿ ಅಚ್ಯುತ ಬದಲಾಗದಂತೆ ಎಂದ. ಸೊಗಸಾದ ಹೋಲಿಕೆ. ಅವನಿಗಿಂತ ಮುನ್ನೂರು ವರ್ಷ ಹಿಂದೆ ನಮ್ಮ ಮಹಾವೀರಾಚಾರ್ಯ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದಿದ್ದ, ಅದು ತಪ್ಪು. ಇಬ್ಬರೂ ನಮ್ಮವರೇ, ತಪ್ಪನ್ನೂ ಹೇಳಿಕೊಳ್ಳೋಣ. ನನ್ನ 30031 ಇದ್ದೇ ಇದೆ.

ಎಂಎಸ್ಸಿ ಫೇಲ್

ಯಾರೂ ಹೇಳ್ದೇ ಇರೋ ಒಂದು ವಿಷ್ಯ: ಅನಂತದಲ್ಲೂ ಚಿಕ್ಕದು ದೊಡ್ಡದು ಇದೆ. ನನ್ನನ್ನ ಫೇಲ್ ಮಾಡಿದ ಪೇಪರ್ ಇದೇ, ಅದಕ್ಕೇ ಚೆನ್ನಾಗಿ ನೆನಪಿದೆ.

ಕೊನೆಯಿಲ್ಲದ ಹಾಜರಿ ಪುಸ್ತಕ ಅಂದ್ಕೊಳ್ಳಿ. ಮಕ್ಕಳ ಸಾಲು ಮುಗಿಯಲ್ಲ, ದಿನಗಳ ಸಾಲೂ ಮುಗಿಯಲ್ಲ. ಪ್ರತಿ ಮಗು ಪ್ರತಿ ದಿನ ಬಂದಿದೆ ಇಲ್ಲಾ ಬಂದಿಲ್ಲ. ಬರೋ ಚಕ್ಕರ್ ಹೊಡೆಯೋ ಸಾಧ್ಯ ಇರೋ ವರಸೆಗಳೆಲ್ಲಾ ಈ ಪುಸ್ತಕದಲ್ಲಿ ಬಂದುಬಿಟ್ಟಿವೆ ಅಂತ ಹೆಡ್‌ಮೇಷ್ಟ್ರು ಎದೆ ತಟ್ಟಿ ಹೇಳ್ತಾರೆ. ಈಗ ನಾನೊಬ್ಬ ಪೋಲಿ ಹುಡುಗನ್ನ ಸೇರಿಸ್ತೀನಿ. ಒಂದನೇ ಮಗು ಒಂದನೇ ದಿನ ಬಂದಿದ್ರೆ ಇವನು ಬರಲ್ಲ, ಬಂದಿಲ್ದಿದ್ರೆ ಬರ್ತಾನೆ. ಎರಡನೇ ಮಗು ಎರಡನೇ ದಿನ ಏನ್ ಮಾಡಿದ್ಯೋ ಅದರ ಉಲ್ಟಾ. ಮೂರನೇದು ಮೂರನೇ ದಿನ. ಹೀಗೇ ಮೂಲೆಯಿಂದ ಓರೆಯಾಗಿ ಇಳೀತಾ ಹೋಗಿ. ಇವನ ಹಾಜರಿ ಪುಸ್ತಕದ ಯಾವ ಮಗುವಿನದ್ದಕ್ಕೂ ಹೊಂದಲ್ಲ, ಪ್ರತಿಯೊಬ್ಬರ ಜೊತೆಗೂ ಒಂದು ದಿನವಾದ್ರೂ ಬೇರೆ. ಕೊನೆಯಿಲ್ಲದ ಪುಸ್ತಕದಲ್ಲೂ ಇವನಿಗೆ ಸಾಲಿಲ್ಲ. ಸಾಲು ಹಿಡಿಯದಷ್ಟು ಅನಂತ ಒಂದಿದೆ ಅಂತಾಯ್ತು. ಜರ್ಮನಿಯ ಗಣಿತಜ್ಞ ಕ್ಯಾಂಟರ್ 1891ರಲ್ಲಿ ಕೊಟ್ಟ ವಾದದ ಜಾಡು ಇದು.

ಸೊನ್ನೆ ಬಿಟ್, ತುಮಕೂರು

ಇದು ಚೆನ್ನಾಗಿದೆ, ಒಪ್ಕೋತೀನಿ. ಆದ್ರೂ ಅದೊಂದು ಕಟ್ಟಳೆ ಅಷ್ಟೇ, ವಸ್ತು ಅಲ್ಲ. ವಿಶ್ವದಲ್ಲಿ ಅನಂತವಾದ ಒಂದೇ ಒಂದು ವಸ್ತು ತೋರಿಸಿ.

ಮುದ್ದೆ ಉಪ್ಸಾರು

ಚಿಂತಾಮಣಿ ಪ್ರೈವೇಟ್ ಬಸ್ಸು. "ಒಳಗೆ ಜಾಗ ಐತೆ, ಸರ್ಕೊಳ್ರಿ" ಅಂತ ಕಂಡಕ್ಟರ್ ಅನ್ನೋದಕ್ಕೆ ಕೊನೆನೇ ಇಲ್ಲ.

ಎಂಎಸ್ಸಿ ಫೇಲ್

ನಗಬೇಡಿ, ಗಣಿತಜ್ಞ ಹಿಲ್ಬರ್ಟ್ ಹೇಳಿದ ಹೋಟೆಲಿನ ಕತೆ ಅದೇ. ಕೋಣೆಗಳಿಗೆ ಕೊನೆಯಿಲ್ಲ, ಆದ್ರೆ ಎಲ್ಲಾ ಭರ್ತಿ, ಹೊಸಬ ಬಂದ. ಒಂದನೇ ಕೋಣೆಯೋನು ಎರಡಕ್ಕೆ, ಎರಡರೋನು ಮೂರಕ್ಕೆ, ಎಲ್ಲರೂ ಒಂದೊಂದು ಸರ್ಕೊಂಡ್ರೆ ಮೊದಲನೇದು ಖಾಲಿ. ಹಿಂದಿನ ಸೀಟು ಅಂತ ಒಂದು ಇದ್ರೆ ಮಾತ್ರ ಬಸ್ಸು ತುಂಬೋದು.

ಟೊಮ್ಯಾಟೊ ಮಂಡಿ · ಮಂಗಳವಾರ ರಾತ್ರಿ 8:55

ಎಲ್ರಿಗೂ ನಮಸ್ಕಾರ. ನಿನ್ನೆ ಸ್ಕೂಟರ್ ಮೇಲೆ ಹೇಳಿದೆ. ಗೋಡೆ ಇಲ್ಲ ಅಂದಿದ್ದಕ್ಕೆ "ಸರಿ" ಅಂದ್ಲು, ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿಲ್ಲ ಅಂದಿದ್ದಕ್ಕೆ ಯಾಕೋ ತುಂಬಾ ಖುಷಿ ಪಟ್ಲು, ಮಿಸ್‌ಗೂ ಗೊತ್ತಿಲ್ವಾ ಅಂತ ಎರಡು ಸಲ ಕೇಳಿದ್ಲು.

ಸಂಖ್ಯೆ ಒಪ್ಲಿಲ್ಲ. ಒಂದು ಕೂಡಿಸಿದ್ರೆ ಇನ್ನೊಂದು ಬರುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಡಿಸೋರೆಲ್ಲಾ ಮಲ್ಕೊಂಡ್ರೆ?" ಅಂದ್ಲು.

ಸೊನ್ನೆ ಬಿಟ್, ತುಮಕೂರು

ಪಾರ್ಟಿಗೆ ಸ್ವಾಗತ ಪುಟ್ಟಿ!!

ಲೆಕ್ಕದ ಮೇಷ್ಟ್ರು, ಮುಳಬಾಗಿಲು

ಎರಡು ದಿನ ಕೊಡಿ. ಯೋಚಿಸಿ ಬರೆಯುತ್ತೇನೆ.

ಕಣದ ರಾಗಿ, ಶಿಡ್ಲಘಟ್ಟ

ಮೇಷ್ಟ್ರೇ, ಎರಡನೇ ದಿನಕ್ಕೆ ಇನ್ನೊಂದು ಕೂಡಿಸ್ಬೇಡಿ.